ಇಳಿಜಾರಿನಲ್ಲಿ ಕಡಲೆಕಾಯಿ

ಅವರು "ನಮ್ಮೂರಲ್ಲಿ" ಎಂದು ಮಾತು ಶುರುಮಾಡಿದರೆ ಕೇಳುವವರು ಮೈಸೂರು ಎಂದುಕೊಳ್ಳುತ್ತಿದ್ದರು. ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಮೈಸೂರಿನ ಅಗ್ರಹಾರದಲ್ಲೇ ಆದ್ದರಿಂದ ಹಾಗೆ ಅಂದುಕೊಳ್ಳುವುದು ಸಹಜವೇ. ಆದರೆ ಎರಡು ವಾಕ್ಯ ದಾಟುವಷ್ಟರಲ್ಲಿ ಆ ಊರಿನ ಜನ ಮಣ್ಣಿನ ಮಾಳಿಗೆಯ ಮೇಲೆ ಸಜ್ಜೆ ಒಣಹಾಕಿ ಅದರ ಪಕ್ಕದಲ್ಲೇ ಮಲಗುತ್ತಿದ್ದರು, ಅಂಗಳದ ತುಂಬ ಗಿನಿಕೋಳಿಗಳು ಓಡಾಡುತ್ತಿದ್ದವು, ಡಿಸೆಂಬರಿನಲ್ಲಿ ಸಹಾರಾದ ಕಡೆಯಿಂದ ಬೀಸುವ ಧೂಳುಗಾಳಿಗೆ ಎಲ್ಲರ ತುಟಿಯೂ ಒಡೆಯುತ್ತಿತ್ತು. ಕೇಳುವವರು ಗಲಿಬಿಲಿಯಿಂದ ಮುಖ ಮುಖ ನೋಡಿಕೊಳ್ಳುವಾಗ ಅವರ ಗಂಡ ಪೇಪರಿನಿಂದ ತಲೆ ಎತ್ತದೆ, "ಯಾವೂರು ಅಂತ ಮೊದಲು ಹೇಳು" ಅನ್ನುತ್ತಿದ್ದರು.

ಊರು ಇದ್ದದ್ದು ಘಾನಾ ದೇಶದ ಉತ್ತರದ ತುದಿಯಲ್ಲಿ. ಎಪ್ಪತ್ತರ ದಶಕದಲ್ಲಿ ಗಂಡ ಅಲ್ಲಿನ ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದಾಗ ಇವರೂ ಹೋಗಿ ಎಂಟು ವರ್ಷ ಇದ್ದರು. ಆಮೇಲೆ ಜಾಂಬಿಯಾ, ಅದಾದ ಮೇಲೆ ಸಿಂಗಾಪುರ. ಹುಟ್ಟಿದ ಮನೆಯಲ್ಲಿ ಕಳೆದ ಇಪ್ಪತ್ತೆರಡು ವರ್ಷವನ್ನೂ, ಮಿಕ್ಕ ದೇಶಗಳ ವರ್ಷಗಳನ್ನೂ ಒಟ್ಟು ಮಾಡಿದರೂ ಆ ಎಂಟು ವರ್ಷದ ಮಾತಿನ ಅರ್ಧದಷ್ಟೂ ಅವರ ಬಾಯಲ್ಲಿ ಬರುತ್ತಿರಲಿಲ್ಲ.

ನಾನು ಅವರನ್ನು ಕಂಡದ್ದು ತೊಂಬತ್ತನಾಲ್ಕರಲ್ಲಿ. ಹೊಸದಾಗಿ ಮದುವೆಯಾಗಿ, ಬೆಂಗಳೂರಿನ ಕಾಲೇಜಿನಲ್ಲಿದ್ದ ಪಾಠದ ಕೆಲಸ ಬಿಟ್ಟು, ಬುಕಿತ್ ಪಂಜಾಂಗ್‌ನ ಒಂದು ಬ್ಲಾಕಿನ ಒಂಬತ್ತನೇ ಮಹಡಿಗೆ ಬಂದು ಸೇರಿದ್ದೆ. ಅವರು ಏಳನೇ ಮಹಡಿ; ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ನನ್ನ ಗಂಡ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಮತ್ತೆ ಬರುವುದು ರಾತ್ರಿ ಎಂಟಕ್ಕೆ. ಮಧ್ಯದ ಹದಿಮೂರು ಗಂಟೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ನಾವು ಕನ್ನಡದವರು ಎಂದು ಹೇಗೋ ತಿಳಿದುಕೊಂಡು, ಆಂಟಿ ಮೂರನೇ ದಿನವೇ ಒಂದು ಸ್ಟೀಲ್ ಡಬ್ಬಿ ಹಿಡಿದು ಬಾಗಿಲು ತಟ್ಟಿದರು. ಒಳಗೆ ಸಜ್ಜೆಹಿಟ್ಟಿನ ಮುದ್ದೆ, ಲೋಳೆ ಲೋಳೆಯಾದ ಬೆಂಡೆಕಾಯಿ ಸಾರು.

"ಮುರೀಬೇಕು, ಅದ್ದಬೇಕು, ನುಂಗಬೇಕು. ನಮ್ಮೂರಲ್ಲಿ ದಿನಾ ಇದೇ," ಅಂದರು.

ನಾನು ಮಂಡ್ಯದ ಕಡೆಯವಳು. ಮುದ್ದೆ ನುಂಗುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅಗ್ರಹಾರದ ಹೆಂಗಸೊಬ್ಬರು ನನಗೆ ಮುದ್ದೆ ಉಣ್ಣುವುದನ್ನು ಕಲಿಸುತ್ತಿದ್ದದ್ದು, ಅದನ್ನು ಅವರು ಆಫ್ರಿಕಾದಲ್ಲಿ ಕಲಿತು ಬಂದದ್ದು ಎರಡೂ ಸೇರಿ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಏನು ಓದಿದ್ದೀಯ ಎಂದು ಕೇಳಿದರು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಅಂದೆ. ಅವರ ಮುಖ ಅರಳಿತು. ಹಾಗಾದರೆ ಕಳೆ ಕೀಳಲು ಬರುತ್ತದೆ ಅಂದುಕೊಂಡುಬಿಟ್ಟರು. ಬರುವುದಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಐವತ್ತೈದರ ಆಸುಪಾಸಿನ, ಕಡ್ಡಿಯಂಥ ಹೆಂಗಸು. ಸೀರೆಯನ್ನು ಗೇಣುದ್ದ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಚೀನೀ ಅಂಗಡಿಯ ಹುಲ್ಲಿನ ಟೋಪಿ ಹಾಕಿ, ಮೊಳದುದ್ದ ಹಿಡಿಯ ಬಾಗಿದ ಗುದ್ದಲಿಯೊಂದನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವರು ಲಿಫ್ಟಿಗೆ ಬಂದರೆ ಜನ ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಆ ಗುದ್ದಲಿ ಘಾನಾದಿಂದ ಜಾಂಬಿಯಾಕ್ಕೆ ಹೋಗಿ ಸಿಂಗಾಪುರಕ್ಕೆ ಬಂದದ್ದು. ಏರ್‌ಪೋರ್ಟಿನಲ್ಲಿ ಇದೇನೆಂದು ತಡೆದು ಕೇಳಿದಾಗ, ಬೇರೆಯವರಾದರೆ ಅಲಂಕಾರದ ವಸ್ತು ಅಂದುಬಿಡುತ್ತಿದ್ದರು. ಇವರು ಅಲ್ಲೇ ಬಗ್ಗಿ ಅದರಿಂದ ಹೇಗೆ ಅಗೆಯುತ್ತಾರೆಂದು ತೋರಿಸಿದರಂತೆ.

ಹೊಲದ ಹುಚ್ಚು ಅವರಿಗೆ ಮೊದಲಿಂದ ಇದ್ದದ್ದಲ್ಲ. ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದು ಹೋದವರಿಗೆ ಆ ಹಳ್ಳಿಯಲ್ಲಿ ಮೊದಲ ಆರು ತಿಂಗಳು ಕಿಟಕಿಯಲ್ಲಿ ನಿಲ್ಲುವುದೇ ಕೆಲಸವಾಗಿತ್ತು. ಬೆಳಗಿನ ಜಾವಕ್ಕೇ ಹೆಂಗಸರು ಅಂಗಳ ಗುಡಿಸಿ, ಬೋರ್‌ವೆಲ್ಲಿನಿಂದ ನೀರು ಹೊತ್ತು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಗಂಡಸರದು ಸಜ್ಜೆ, ಜೋಳದ ಹೊಲ. ಸಾರಿಗೆ ಬೇಕಾದ ಕಡಲೆಕಾಯಿ, ಅಲಸಂದೆ, ಬೆಂಡೆ, ಪುಂಡಿಸೊಪ್ಪು ಹೆಂಗಸರ ಪಾಲು. ಮನೆಯಲ್ಲಿ ಕೂತೇ ಇರುವ ಮೇಷ್ಟ್ರ ಹೆಂಡತಿಗೆ ಏನೋ ವಾಸಿಯಾಗದ ಕಾಯಿಲೆ ಇದೆ ಎಂದು ಊರಿನವರು ಪಾಪ ಅಂದುಕೊಂಡಿದ್ದರು. ಪಕ್ಕದ ಮನೆಯ ಅಜ಼ಾರಾ ಎನ್ನುವ ಹೆಂಗಸು ಒಂದು ದಿನ ಬಂದು, ಇವರ ಕೈ ಕಾಲು ಒತ್ತಿ ನೋಡಿ, ಎಲ್ಲ ಸರಿಯಾಗಿದೆಯಲ್ಲ ಎಂದು ಆಶ್ಚರ್ಯಪಟ್ಟು ಹೋದಳಂತೆ. ಮರುದಿನ ಊರಿನ ಯಜಮಾನ ಎರಡು ಬ್ಯಾಡ್ಮಿಂಟನ್ ಕೋರ್ಟಿನಷ್ಟು ನೆಲ ತೋರಿಸಿ, ಇದು ನಿನ್ನದು ಅಂದ.

ಮೇಷ್ಟ್ರು ಪುಸ್ತಕ ನೋಡಿ ಹಗ್ಗ ಕಟ್ಟಿ ಗೆರೆ ಎಳೆದು ಕೊಟ್ಟರು. ಅಳತೆಯಂತೆ ಆಳಕ್ಕೆ ಹಾಕಿದ ಬೀಜದಲ್ಲಿ ಅರ್ಧ ಮೇಲಕ್ಕೇ ಬರಲಿಲ್ಲ. ಅಜ಼ಾರಾ ಹಗ್ಗ ಕಿತ್ತು ಸುತ್ತಿ ಮೇಷ್ಟ್ರ ಕೈಗೆ ಕೊಟ್ಟು ಕಳಿಸಿ, ನಡೆಯುತ್ತಾ ಒಂದೊಂದು ಗುಳಿಗೆ ಬೀಜ ಬಿಟ್ಟು ಹಿಮ್ಮಡಿಯಿಂದ ಮಣ್ಣು ಎಳೆದು ಮುಚ್ಚುವುದನ್ನು ಕಲಿಸಿದಳು. ಸಿಂಗಾಪುರದಲ್ಲೂ ಆಂಟಿ ಮಾತಾಡುತ್ತಾ ನಿಂತಾಗ ಬಲಗಾಲಿನ ಹಿಮ್ಮಡಿ ತಾನಾಗಿ ನೆಲವನ್ನು ಹಿಂದಕ್ಕೆ ಎಳೆಯುತ್ತಿರುತ್ತಿತ್ತು. ಬ್ಯಾಂಕಿನ ಕ್ಯೂನಲ್ಲಿ ನಿಂತಾಗಲೂ.

ಜೋಳದ ಬಿಯರಿನ ಕಥೆಯನ್ನು ಮೇಷ್ಟ್ರು ಇಲ್ಲದಾಗ ಮಾತ್ರ ಹೇಳುತ್ತಿದ್ದರು. ಆ ಊರಿನಲ್ಲಿ ಕೆಲಸ ಕೈಮೀರಿದರೆ ಅಕ್ಕಪಕ್ಕದವರನ್ನು ಕರೆಯುತ್ತಾರೆ. ಇಪ್ಪತ್ತು ಜನ ಗುದ್ದಲಿ ಹಿಡಿದು ಬಂದು, ಡೋಲು ಬಡಿದುಕೊಂಡು, ಮಧ್ಯಾಹ್ನದೊಳಗೆ ಹೊಲ ಮುಗಿಸಿಕೊಡುತ್ತಾರೆ. ಕರೆದವರು ಮನೆಯಲ್ಲೇ ಮಾಡಿದ ಜೋಳದ ಬಿಯರು ಕೊಡಬೇಕು. ಮೊದಲ ವರ್ಷ ಇವರು ಏಲಕ್ಕಿ ಹಾಕಿದ ಟೀ ಕೊಟ್ಟರು. ಬಂದವರು ಮರ್ಯಾದೆಯಿಂದ ಕುಡಿದು, ನಿಜವಾದದ್ದು ಯಾವಾಗ ಬರುತ್ತದೆ ಎಂದು ಕಾಯುತ್ತಾ ಮರದಡಿ ಕೂತರು. ಎರಡನೇ ವರ್ಷ ಆಂಟಿ ಜೋಳ ನೆನೆಹಾಕಿ, ಮೊಳಕೆ ಬರಿಸಿ, ಕುದಿಸಿ, ಮೂರು ದಿನ ಕೂತು ಎರಡು ಕೊಳಗ ತುಂಬಿಸಿದರು. ಮೇಷ್ಟ್ರು ಮಾತು ಬಿಟ್ಟರು. ಮೂರನೇ ದಿನ, ಪಾತ್ರೆಯನ್ನು ಅಡುಗೆಮನೆಯ ಹೊರಗಿಡುವುದಾದರೆ ತಮ್ಮ ಅಭ್ಯಂತರವಿಲ್ಲ ಎಂದರು. ನೀವು ಕುಡಿದಿರಾ ಎಂದು ನಾನು ಕೇಳಿದೆ. ರುಚಿ ನೋಡದೆ ನಾಲ್ಕು ಜನಕ್ಕೆ ಬಡಿಸುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು.

ನಮ್ಮ ಬ್ಲಾಕಿನ ಹಿಂದೆ ಮಲೇಷ್ಯಾ ಕಡೆ ಹೋಗುವ ರೈಲು ಹಳಿಯವರೆಗೆ ಒಂದು ಇಳಿಜಾರಿತ್ತು. ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಬಂದ ಮರುವರ್ಷ ಫೆಬ್ರವರಿಯಲ್ಲಿ ಒಂದಿಷ್ಟು ದಿನ ಮಳೆ ಬಿಡುವು ಕೊಟ್ಟಾಗ ಆಂಟಿ ಅದನ್ನು ಅಗೆಯತೊಡಗಿದರು. ನನ್ನನ್ನೂ ಕರೆದರು. ಸೆರಂಗೂನ್ ರೋಡಿನ ಅಂಗಡಿಯಿಂದ ತಂದ ಹಸಿ ಕಡಲೆಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿ, ಮಾರ್ಚ್ ಮೊದಲ ವಾರ ಬಿತ್ತಿದೆವು. ಅವರು ಗುಳಿ ತೆಗೆಯುತ್ತಾ ಮುಂದೆ, ನಾನು ಹಿಮ್ಮಡಿ ಎಳೆಯುತ್ತಾ ಹಿಂದೆ.

ಮೂರನೇ ಮಹಡಿಯ ಚೀನೀ ಮುದುಕರೊಬ್ಬರು ದಿನವೂ ಕಾರಿಡಾರಿನ ಕಟಕಟೆ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಅವರು ಪುಂಗೋಲ್‌ನಲ್ಲಿ ತರಕಾರಿ ಬೆಳೆಯುತ್ತಿದ್ದವರು. ಅಲ್ಲಿನ ತೋಟಗಳನ್ನು ತೆರವು ಮಾಡಿದಾಗ ಫ್ಲ್ಯಾಟಿಗೆ ಬಂದವರು. ಹತ್ತು ದಿನ ನೋಡಿ, ಹನ್ನೊಂದನೇ ದಿನ ಕೆಳಗಿಳಿದು ಬಂದು, "ಟೂ ವೆಟ್ ಲಾ. ಮೇಕ್ ಹೈಯರ್," ಅಂದು ಹೊರಟುಹೋದರು. ಅವರು ಹೇಳಿದ್ದು ಸರಿಯಿತ್ತು. ಇದು ಘಾನಾದ ಮಳೆಯಲ್ಲ, ದಿನ ಬಿಟ್ಟು ದಿನ ಸುರಿಯುವ ಮಳೆ. ಸಾಲುಗಳ ನಡುವೆ ಆಳಕ್ಕೆ ತೋಡಿ ಅವನ್ನು ಮೊಳಕಾಲೆತ್ತರ ಮಾಡಿದೆವು. ಆಮೇಲೆ ಮುದುಕರು ದಿನಾ ಬರತೊಡಗಿದರು, ಮಾತು ಮಾತ್ರ ಆಡುತ್ತಿರಲಿಲ್ಲ.

ಏಪ್ರಿಲ್ ಹೊತ್ತಿಗೆ ಹಳದಿ ಹೂ ಬಂತು. ಹೂವಿನ ಬುಡದಿಂದ ದಾರದಂಥದ್ದು ಇಳಿದು ಮಣ್ಣಿಗೆ ಚುಚ್ಚಿಕೊಳ್ಳುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಅದರ ಇಂಗ್ಲಿಷ್ ಹೆಸರು, ಕಾರ್ಯ, ಎಲ್ಲ ಹೇಳುತ್ತಿದ್ದೆ. ಕಣ್ಣಿಂದ ನೋಡಿದ್ದು ಆಗಲೇ. ಮಣ್ಣಿನ ಮೇಲೆ ಕೂತು ಎಷ್ಟು ಹೊತ್ತು ನೋಡಿದೆನೋ. ಆ ಹದಿಮೂರು ಗಂಟೆಗಳು ಎಲ್ಲಿ ಹೋದವೋ ಗೊತ್ತಾಗದೆ ಎರಡು ತಿಂಗಳಾಗಿತ್ತು.

ಮೇ ತಿಂಗಳ ಮಧ್ಯದಲ್ಲಿ ಒಂದು ನೋಟೀಸು ಬಂತು. ಪ್ಲಾಸ್ಟಿಕ್ಕಿನೊಳಗೆ ಹಾಕಿ ಕೋಲಿಗೆ ಕಟ್ಟಿ ಸಾಲುಗಳ ನಡುವೆ ನೆಟ್ಟಿದ್ದರು. ಇದು ಸರ್ಕಾರದ ಜಾಗ, ಎರಡು ವಾರದೊಳಗೆ ತೆರವು ಮಾಡಬೇಕು. ಕಾಯಿ ಬಲಿಯಲು ಇನ್ನೂ ಆರು ವಾರ ಬೇಕಿತ್ತು.

ಆ ರಾತ್ರಿ ನನ್ನ ಗಂಡನಿಗೆ ಹೇಳಿದೆ. ಅವರು ಊಟ ಬಿಟ್ಟು ನನ್ನನ್ನೇ ನೋಡಿದರು. "ಪಿ.ಆರ್.ಗೆ ಅಪ್ಲೈ ಮಾಡಿ ಎರಡು ತಿಂಗಳಾಗಿದೆ. ಎಲ್ಲೂ ನಮ್ಮ ಹೆಸರು ಬರೋದು ಬೇಡ. ನೀನು ಇನ್ನು ಆ ಕಡೆ ಹೋಗ್ಬೇಡ," ಅಂದರು. ಅವರೇನೂ ಕಟುಕರಲ್ಲ. ಇಲ್ಲೇ ಕಾಯಂ ನೆಲೆಸಲು ಅನುಮತಿ ಕೇಳಿಕೊಂಡಿದ್ದೆವು, ಈ ದೇಶದಲ್ಲಿ ಒಂದು ಸಣ್ಣ ತಪ್ಪಿಗೆ ಏನಾಗುತ್ತದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದರಿಂದಲೇ ಹೆಚ್ಚು ಹೆದರಿಕೆ.

ನಾನು ಹೋಗುವುದು ನಿಲ್ಲಿಸಿದೆ. ಆಂಟಿಗೆ ಒಂದು ಮಾತು ಹೇಳಿ ನಿಲ್ಲಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾರೆಂದು ಒಂಬತ್ತು ಮಹಡಿ ಮೆಟ್ಟಿಲಿಳಿದು ತರಕಾರಿ ತಂದೆ. ಅಡುಗೆಮನೆಯ ಕಿಟಕಿಯಿಂದ ಇಳಿಜಾರು ಕಾಣುತ್ತಿತ್ತು. ಹುಲ್ಲಿನ ಟೋಪಿಯೊಂದೇ ಸಾಲಿನಿಂದ ಸಾಲಿಗೆ ಹೋಗುವುದನ್ನು ನೋಡಿ, ಪರದೆ ಎಳೆಯುತ್ತಿದ್ದೆ. ಹೀಗೆ ಒಂಬತ್ತು ದಿನ.

ಹತ್ತನೇ ದಿನ ಬಾಗಿಲು ತಟ್ಟಿದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಒಳಗೆ ಬಂದು, ನೀರು ಕೇಳಿ ಕುಡಿದು, "ನಾಳೆ ಆ ನೋಟೀಸಿನ ಆಫೀಸಿಗೆ ಹೋಗ್ತೀನಿ. ನೀನೂ ಬಾ. ಮಾತು ನಾನಾಡ್ತೀನಿ, ನೀನು ಗಿಡ ಹಿಡ್ಕೊಂಡು ನಿಂತಿದ್ರೆ ಸಾಕು," ಅಂದರು.

ನಾನು ಪಿ.ಆರ್. ವಿಷಯ ಹೇಳಿದೆ. ಹೇಳುತ್ತಾ ಅಳು ಬಂತು.

"ಹಾಗಾದ್ರೆ ಬೇಡ ಬಿಡು. ಹೆದರೋದ್ರಲ್ಲಿ ಏನು ತಪ್ಪಿದೆ? ನಾನೂ ಹೆದರಿಕೊಂಡೇ ಲಾರಿ ಹತ್ತಿದ್ದು," ಅಂದರು.

ಆ ಲಾರಿಯ ವಿಷಯ ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಎಂಟನೇ ವರ್ಷ ಆ ದೇಶದಲ್ಲಿ ಉಪ್ಪು, ಸೋಪು, ಔಷಧಿ ಎಲ್ಲಕ್ಕೂ ಅಭಾವ ಬಂದಿತ್ತು. ಮೇಷ್ಟ್ರಿಗೆ ಕಾಮಾಲೆಯಾಗಿ ಕಣ್ಣು ಅರಿಶಿನದಂತಾಯಿತು. ಮಿಷನ್ ಆಸ್ಪತ್ರೆಯ ಡಾಕ್ಟರು, ಇಲ್ಲಿ ನನ್ನ ಹತ್ತಿರ ಏನೂ ಇಲ್ಲ, ಕರೆದುಕೊಂಡು ಹೋಗಿ ಅಂದರು. ಮರುದಿನ ಬೆಳಿಗ್ಗೆ ದಕ್ಷಿಣಕ್ಕೆ ಹೋಗುವ ಲಾರಿಯೊಂದಿತ್ತು. ಹೊಲದಲ್ಲಿ ಅವರ ಕೈಯಲ್ಲಿ ಅದುವರೆಗೆ ಬಾರದಂಥ ಕಡಲೆಕಾಯಿ ನಿಂತಿತ್ತು, ಕೀಳಲು ಮೂರು ವಾರವಿತ್ತು. ಗಂಡ ಉಳಿಯುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಅಜ಼ಾರಾಗೆ ಹೇಳಿಹೋಗುವುದಕ್ಕೂ ಆಗಲಿಲ್ಲ. ಲಾರಿ ಹೊಲದ ಪಕ್ಕದಲ್ಲೇ ಹೋಯಿತು. ಅವರು ಆ ಕಡೆ ನೋಡಲಿಲ್ಲ.

ಮೇಷ್ಟ್ರು ಉಳಿದರು. ಒಂದೂವರೆ ವರ್ಷದ ಮೇಲೆ ಜಾಂಬಿಯಾದಲ್ಲಿದ್ದಾಗ, ಹಳೆಯ ಶಾಲೆಯ ಮೇಷ್ಟ್ರೊಬ್ಬರು ಯಾವುದೋ ಕೆಲಸಕ್ಕೆ ಬಂದವರು ಒಂದು ಬಟ್ಟೆಯ ಗಂಟು ತಂದುಕೊಟ್ಟರು. ಸುಲಿದ ಕಡಲೆಬೀಜ, ಎರಡು ಬೊಗಸೆಯಷ್ಟು. ಅಜ಼ಾರಾ ಹೇಳಿ ಕಳಿಸಿದ್ದಳು: ಇದು ಬಿತ್ತನೆಗೆ, ಉಳಿದದ್ದನ್ನು ನಾವು ತಿಂದೆವು, ಚೆನ್ನಾಗಿತ್ತು.

"ನಾನು ಕಣ್ಣೆತ್ತಿಯೂ ನೋಡದೆ ಬಂದ ಹೊಲ. ಅವಳು ಕಿತ್ತು, ಒಣಗಿಸಿ, ಆರಿಸಿಟ್ಟಿದ್ಲು," ಅಂದರು ಆಂಟಿ. ಮತ್ತೆ, "ಐದು ವಾರ ಕೇಳಿ ನೋಡೋಣ. ಕೊಟ್ರೆ ಕೊಡ್ಲಿ, ಇಲ್ದಿದ್ರೆ ಇಲ್ಲ. ಕೇಳದೆ ಮಾತ್ರ ಕೀಳಲ್ಲ," ಎಂದು ಎದ್ದರು.

ಮರುದಿನ ಒಂಬತ್ತು ಗಂಟೆಗೆ ನಾನು ಕೆಳಗೆ, ಬ್ಲಾಕಿನಡಿ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನಲ್ಲಿ ನಿಂತಿದ್ದೆ. ಗಂಡನಿಗೆ ಹೇಳಿರಲಿಲ್ಲ. ಆಂಟಿ ಬೇರುಸಮೇತ ಕಿತ್ತ ಒಂದು ಗಿಡವನ್ನು ಪೇಪರಿನಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಆಫೀಸಿನಲ್ಲಿದ್ದವನು ಇಪ್ಪತ್ತೆಂಟು ಮೂವತ್ತರ ಮಲಯ್ ಹುಡುಗ. ಆಂಟಿ ಕೂತವರು ಮೊದಲು ಅವನ ಮನೆಯವರು ಹೇಗಿದ್ದಾರೆ, ಕೆಲಸ ಹೇಗಿದೆ, ಬೆಳಿಗ್ಗೆ ತಿಂಡಿಯಾಯಿತೇ ಎಂದೆಲ್ಲ ವಿಚಾರಿಸಿದರು. ಆಮೇಲೆ ಗಿಡವನ್ನು ಅವನ ಮೇಜಿನ ಮೇಲಿಟ್ಟು, ಒಂದು ಕಾಯಿ ಬಿಡಿಸಿ ಬೀಜ ಹಿಸುಕಿ ತೋರಿಸಿದರು. ಬರೀ ನೀರು. ಇದನ್ನು ಈಗ ಕಿತ್ತರೆ ಯಾರ ಬಾಯಿಗೂ ಇಲ್ಲ, ಐದು ವಾರ ಬಿಟ್ಟರೆ ಬ್ಲಾಕಿಗೆಲ್ಲ ಆಗುತ್ತದೆ ಅಂದರು.

ಅವನು ತಲೆಯಾಡಿಸಿದ. ಸರ್ಕಾರದ ಜಾಗ, ಅನುಮತಿ ಕೊಡುವ ಅಧಿಕಾರ ತನಗಿಲ್ಲ ಅಂದ. ಗಿಡವನ್ನು ತಿರುಗಿಸಿ ನೋಡಿದ. ಮಲೇಷ್ಯಾದ ಹಳ್ಳಿಯಲ್ಲಿ ತನ್ನ ಅಜ್ಜಿ ಇದನ್ನು ಬೆಳೆಯುತ್ತಿದ್ದಳೆಂದು ಮೆಲ್ಲಗೆ ಹೇಳಿದ. ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತುಕೊಂಡ.

"ಆಂಟಿ, ಗ್ರಾಸ್ ಕಟ್ಟಿಂಗ್ ಪೀಪಲ್ ವೆರಿ ಬಿಸಿ. ದೇ ಕಮ್ ಎಂಡ್ ಆಫ್ ಜೂನ್. ಬಿಫೋರ್ ದಟ್ ಯೂ ಕ್ಲಿಯರ್. ನೆಕ್ಸ್ಟ್ ಟೈಮ್ ಡೋಂಟ್ ಪ್ಲಾಂಟ್ ಲಾ."

ಆಮೇಲೆ ಪೆನ್ನು ತೆಗೆದು ಆಂಟಿಯ ಹೆಸರು, ಮನೆ ನಂಬರು ಬರೆದುಕೊಂಡ. ನನ್ನ ಕಡೆ ತಿರುಗಿ, ನೀವೂ ಇದರಲ್ಲಿದ್ದೀರಾ ಎಂದು ಕೇಳಿದ. ಆಂಟಿ ನನ್ನ ಕಡೆ ನೋಡಲೇ ಇಲ್ಲ, ಕಿಟಕಿಯಾಚೆ ಏನನ್ನೋ ನೋಡುತ್ತಾ ಕೂತರು. ಗಿಡ ಹೊತ್ತು ತಂದವಳು ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇದ್ದೇನೆ ಅಂದೆ. ಹೆಸರು ಹೇಳಿದೆ. ಎರಡು ಸಲ ಹೇಳಬೇಕಾಯಿತು.

ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ಅವರು, "ಸ್ಪೆಲಿಂಗ್ ಆದ್ರೂ ಸರಿಯಾಗಿ ಬರ್ಕೊಂಡ್ನಾ?" ಅಂದರು.

ಜೂನ್ ಕೊನೆಯ ಶನಿವಾರ ಕಿತ್ತೆವು. ಹಿಂದಿನ ದಿನ ಮಳೆ ಬಂದು ಮಣ್ಣು ಸಡಿಲವಾಗಿತ್ತು. ನನ್ನ ಗಂಡ ಚಡ್ಡಿ ಹಾಕಿಕೊಂಡು ಬಂದರು. ಮೇಷ್ಟ್ರು ಛತ್ರಿ ಹಿಡಿದು ಒಂದು ಕಡೆ ನಿಂತು ಸಾಲುಗಳು ನೇರವಾಗಿಲ್ಲವೆಂದು ಎಲ್ಲರಿಗೂ ತೋರಿಸುತ್ತಿದ್ದರು. ಚೀನೀ ಮುದುಕರು ಗಿಡವನ್ನು ಎರಡು ಕೈಯಲ್ಲಿ ಹಿಡಿದು ಒಂದೇ ಸಲ ಒದರಿ ಮಣ್ಣುದುರಿಸಿದ ರೀತಿ ನೋಡಿ ಆಂಟಿ ಕೆಲಸ ನಿಲ್ಲಿಸಿ ನಿಂತರು. ಶನಿವಾರವಾದ್ದರಿಂದ ಬ್ಲಾಕಿನ ಮಕ್ಕಳೆಲ್ಲ ಇಳಿದು ಬಂದಿದ್ದವು. ಕಡಲೆಕಾಯಿ ಮಣ್ಣಿನೊಳಗಿಂದ ಬರುತ್ತದೆಂದು ಅವುಗಳಲ್ಲಿ ಒಂದಕ್ಕೂ ಗೊತ್ತಿರಲಿಲ್ಲ. ಕಿತ್ತದ್ದನ್ನೇ ಮತ್ತೆ ಹೂತು ಮತ್ತೆ ಕೀಳುತ್ತಿದ್ದವು.

ಐದನೇ ಮಹಡಿಯ ಮಲಯ್ ಹೆಂಗಸು ಮದುವೆಯಡುಗೆಯ ದೊಡ್ಡ ಪಾತ್ರೆ ಕೊಟ್ಟಳು. ಉಪ್ಪು ಹಾಕಿ ಬೇಯಲು ಇಟ್ಟಾಗ ಮುದುಕರು ಮನೆಗೆ ಹೋಗಿ ಒಂದು ಹಿಡಿ ಚಕ್ರಮೊಗ್ಗು ತಂದು ಯಾರನ್ನೂ ಕೇಳದೆ ಪಾತ್ರೆಗೆ ಹಾಕಿಬಿಟ್ಟರು. ಆಂಟಿಯ ಮುಖ ಒಂದು ಕ್ಷಣ ಪೆಚ್ಚಾಯಿತು. ಆಮೇಲೆ ಒಂದು ತಿಂದು ನೋಡಿ, ಅಜ಼ಾರಾಗೆ ಇದನ್ನು ಹೇಳಬೇಕು ಅಂದರು. ವಾಯ್ಡ್ ಡೆಕ್ಕಿನ ಕಲ್ಲಿನ ಮೇಜಿನ ಸುತ್ತ ಕೂತು ತಿಂದದ್ದರಲ್ಲಿ ಸಿಪ್ಪೆಯದೇ ಒಂದು ಗುಡ್ಡವಾಯಿತು. ಸೋಮವಾರ ಆಂಟಿ ಒಂದು ಪೊಟ್ಟಣ ಕಟ್ಟಿಕೊಂಡು ಆಫೀಸಿಗೂ ಹೋಗಿ ಬಂದರು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಆ ಹುಡುಗ ಖಡಾಖಂಡಿತವಾಗಿ ಹೇಳಿದನಂತೆ. ಬೆಂದಿದೆಯೋ ಇಲ್ಲವೋ ನೋಡುವುದಕ್ಕೆ ಮಾತ್ರ ನಿಂತಲ್ಲೇ ನಾಲ್ಕು ಸುಲಿದು ತಿಂದನಂತೆ.

ಆ ವಾರವೇ ಹುಲ್ಲು ಕತ್ತರಿಸುವವರು ಬಂದು ಹೋದರು. ನಮಗೆ ಅಕ್ಟೋಬರಿನಲ್ಲಿ ಪಿ.ಆರ್. ಬಂತು, ಯಾರೂ ಏನೂ ಕೇಳಲಿಲ್ಲ. ಮರುವರ್ಷ ನಾನು ಒಂದು ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಸಂದರ್ಶನದಲ್ಲಿ ಎಂ.ಎಸ್ಸಿ. ಬಗ್ಗೆ ಅವರು ಹೆಚ್ಚೇನೂ ಕೇಳಲಿಲ್ಲ, ಕೈ ನೋಡಿದರು. ಆಂಟಿ ಮತ್ತೆ ಇಳಿಜಾರಿನಲ್ಲಿ ಬಿತ್ತಲಿಲ್ಲ. ಆ ಹುಡುಗನಿಗೆ ಮಾತು ಕೊಟ್ಟಾಗಿದೆ ಎನ್ನುತ್ತಿದ್ದರು. ತೊಂಬತ್ತೆಂಟರಲ್ಲಿ ಮೇಷ್ಟ್ರ ಕೆಲಸದ ಅವಧಿ ಮುಗಿದು ಮೈಸೂರಿಗೆ ಹೊರಟರು. ಆಮೇಲೆ ವರ್ಷಕ್ಕೊಂದೆರಡು ಸಲ ಫೋನು. ನಾನು ಆ ಒಂಬತ್ತು ದಿನಗಳ ಮಾತು ಎತ್ತಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಅವರು ಸಸಿಗಳ ವಿಚಾರ ಕೇಳಲು ಶುರುಮಾಡಿದರೆ ಬೇರೆಯದಕ್ಕೆ ಜಾಗವೇ ಇರುತ್ತಿರಲಿಲ್ಲ.

ಹೋದ ತಿಂಗಳು ಮೇಷ್ಟ್ರು ಫೋನು ಮಾಡಿದರು. ಅವರಿಗೀಗ ತೊಂಬತ್ತು ಹತ್ತಿರ. ಆಂಟಿ ಹೋಗಿ ಹನ್ನೊಂದು ದಿನವಾಯಿತು, ನೋವೇನೂ ಇರಲಿಲ್ಲ ಅಂದರು. ದನಿ ಗಟ್ಟಿಯಾಗಿಯೇ ಇತ್ತು. ನಾನು ಅಳುತ್ತಿದ್ದೆ. ಅವರು ಅದನ್ನು ಗಮನಿಸದವರಂತೆ, ಮರಣ ಪ್ರಮಾಣಪತ್ರ ಮಾಡಿಸಲು ಹೋದ ಕಥೆ ಹೇಳತೊಡಗಿದರು. ಅರ್ಜಿಯಲ್ಲಿ ಮೃತರ ಉದ್ಯೋಗ ಎಂಬ ಜಾಗದಲ್ಲಿ ಗುಮಾಸ್ತ ತಾನಾಗಿಯೇ 'ಗೃಹಿಣಿ' ಎಂದು ತುಂಬಿದ್ದ. ಇವರು ಕನ್ನಡಕ ಹಾಕಿಕೊಂಡು ಓದಿ, ಇದು ತಪ್ಪು, ಹೊಡೆದುಹಾಕಿ 'ವ್ಯವಸಾಯ' ಎಂದು ಬರೆ ಅಂದರು. ಗುಮಾಸ್ತನಿಗೆ ಅನುಮಾನ ಬಂತು. ಜಮೀನು ಎಲ್ಲಿದೆ ಸಾರ್, ಪಹಣಿ ಇದೆಯಾ ಎಂದು ಕೇಳಿದ.

"ನೀವೇನಂದ್ರಿ ಅಂಕಲ್?"

"ಘಾನಾದಲ್ಲಿ ಸ್ವಲ್ಪ ಇತ್ತು, ಸಿಂಗಾಪುರದಲ್ಲಿ ಸ್ವಲ್ಪ ಇತ್ತು ಅಂದೆ. ಪಹಣಿ ಮಾತ್ರ ಎಲ್ಲೂ ಮಾಡಿಸ್ಲಿಲ್ಲ ಅಂದೆ."

"ಬರ್ಕೊಂಡ್ನಾ?"

"ಬರ್ಕೊಂಡ," ಅಂದರು ಮೇಷ್ಟ್ರು. "ಬರೆಯೋವರೆಗೂ ನಾನು ಕುರ್ಚಿ ಬಿಟ್ಟು ಏಳ್ಲಿಲ್ಲ."